ಒಂದು ರೋಲ್, ಕೊನೆಗೂ

ಇವತ್ತು ಬೆಳಗ್ಗೆ ಲೋ ವಿಸಲ್‌ನಲ್ಲಿ, ಅಂದ್ರೆ ತಗ್ಗು ಸ್ವರದ ಉದ್ದನೆ ಲೋಹದ ಕೊಳಲಲ್ಲಿ, ಜಿ ಸ್ವರದ ರೋಲ್ ಸರಿಯಾಗಿ ಬಂತು. ಒಂದೇ ಸ್ವರವನ್ನು ಬೆರಳಾಟದಿಂದ ಮೂರಾಗಿ ಬಿಡಿಸುವ ಅಲಂಕಾರ ಅದು. ಒಂದೇ ಒಂದು ಸಲ. ಆದ್ರೆ ಬಂತು!

ಮೇಲಿನ ಮೂರು ತೂತು ಮುಚ್ಚಿದರೆ ಜಿ. ಮೇಲಿನ ಕೈಯ ಒಂದು ಬೆರಳು ಚಕ್ಕನೆ ಎತ್ತಿ ಇಟ್ಟರೆ ಕಟ್. ಮತ್ತೆ ಜಿ. ಕೆಳಗಿನ ಕೈಯ ತೋರುಬೆರಳು ನಾಲ್ಕನೇ ತೂತಿಗೆ ಬಡಿದು ಪುಟಿದರೆ ಟ್ಯಾಪ್. ಮತ್ತೆ ಜಿ. ಉಸಿರು ಮಧ್ಯೆ ಎಲ್ಲೂ ಕಡಿಯಬಾರದು. ಕಟ್ ಆಗಲಿ ಟ್ಯಾಪ್ ಆಗಲಿ, ಬೇರೆ ಸ್ವರವಾಗಿ ಕೇಳಿಸಬಾರದು. ಬರೀ ಒಂದು ಚಿಟಿಕೆಯಷ್ಟು.

ಸಣ್ಣ ವಿಸಲ್‌ಗೆ ಬೆರಳ ತುದಿ ಸಾಕು. ಇದು ಹೆಚ್ಚುಕಡಿಮೆ ಎರಡು ಅಡಿ ಉದ್ದ, ತೂತುಗಳು ದೂರ ದೂರ. ಅದಕ್ಕೇ ಪೈಪರ್ಸ್ ಗ್ರಿಪ್. ಬೆರಳು ನೇರ ಚಾಚಿ, ನಡುಭಾಗದ ಮೆತ್ತನೆ ಜಾಗದಿಂದ ಮುಚ್ಚಬೇಕು. ಇಷ್ಟು ದಿನ ಬೆರಳನ್ನು ಜಾಸ್ತಿ ಎತ್ತಿ, ಜೋರಾಗಿ ಬಡಿಯುತ್ತಿದ್ದೆ. ಇವತ್ತು ಸುಮ್ನೆ ಸಡಿಲ ಬಿಟ್ಟೆ. ತಾನಾಗೇ ಪುಟಿಯಿತು.

ಅಂದಹಾಗೆ, ಐರ್ಲೆಂಡಿನ ಸಂಗೀತಗಾರ ಫಿನ್‌ಬಾರ್ ಫ್ಯೂರಿಯ ಬಿದಿರಿನ ಕೊಳಲು ಹಾಳಾದಾಗ, 1971ರ ಸುಮಾರಿಗೆ ಬರ್ನಾರ್ಡ್ ಓವರ್ಟನ್ ಅಲ್ಯೂಮಿನಿಯಂನಲ್ಲಿ ಮಾಡಿಕೊಟ್ಟರಂತೆ ಇಂಥದ್ದೊಂದನ್ನು. ಹಾಳಾದದ್ದು ನಮ್ಮ ಭಾರತದ ಕೊಳಲು! ನೆನೆದಾಗಲೆಲ್ಲ ಈ ಲೋಹದ ಕೊಳವೆ ಇನ್ನಷ್ಟು ಹತ್ತಿರದ್ದು ಅನಿಸುತ್ತದೆ.

ಕಿರುಬೆರಳ ಪಕ್ಕದ ಬೆರಳಲ್ಲಿ ತೂತಿನ ದುಂಡನೆ ಗುರುತು ಇನ್ನೂ ಹಾಗೇ ಇದೆ. ನಾಳೆ ಎ ಸ್ವರದ ರೋಲ್.