ಜೆಜುಗೆ ಹೋಗ್ತೀರಾ? ಟೂರ್ ಬಸ್ ಬಿಡಿ, 201 ಹತ್ತಿ

ದಕ್ಷಿಣ ಕೊರಿಯಾದ ಜೆಜು ದ್ವೀಪದ ಜಲಪಾತ, ಕಿತ್ತಳೆ ತೋಟದ ಫೋಟೋ ಎಲ್ಲಾ ಕಡೆ ಇವೆ, ಅದನ್ನು ನಾನು ಬರೆಯೋದಿಲ್ಲ. 1948ರ ಹತ್ಯಾಕಾಂಡದ ಜಾಗಗಳನ್ನು ನೋಡಬೇಕು ಅನ್ನುವವರಿಗೆ ಮಾತ್ರ ಇದು. ಮೊದಲೇ ಹೇಳಿಬಿಡ್ತೀನಿ, ದ್ವೀಪದ ಪೂರ್ವ ಭಾಗ ತೋರಿಸುವ ಒಂದು ದಿನದ ಟೂರ್ ಬಸ್ಸನ್ನು ನಂಬಬೇಡಿ.

ನಾನೂ ಅಕ್ಕನೂ ಹೋದ ಬಸ್ಸಿನವರು ದುಡ್ಡು ತಗೊಳ್ಳುವಾಗ 4·3 ಶಾಂತಿ ಉದ್ಯಾನವನ್ನೂ (ಆ ಹತ್ಯಾಕಾಂಡದ ಸ್ಮಾರಕ, 4·3 ಅಂದರೆ ಏಪ್ರಿಲ್ 3) ತೋರಿಸ್ತೀವಿ ಅಂದಿದ್ದರು. ಮಧ್ಯಾಹ್ನದ ಮೇಲೆ ‘ಟೈಮ್ ಆಯ್ತು’ ಅಂತ ಕೈಯೆತ್ತಿದರು. ಕುದುರೆ ಎಣ್ಣೆಯ ಕ್ರೀಮ್ ಮಾರುವ ಅಂಗಡಿಯಲ್ಲಿ ಮಾತ್ರ ಬೇಕಾದಷ್ಟು ಟೈಮ್ ಇತ್ತು! ದುಡ್ಡು ವಾಪಸ್ ಬರಲಿಲ್ಲ. ಅದಕ್ಕಿಂತ ಸಿಟ್ಟು ಬಂದಿದ್ದು ಸೊಂಗ್ಸಾನ್ ಬೆಟ್ಟದ ಹತ್ತಿರ. ಬೆಟ್ಟಕ್ಕೆ ಹೋಗುವ ದಾರಿಯ ಪಕ್ಕದ ಸಮುದ್ರ ದಂಡೆಯಲ್ಲೇ ಸುತ್ತಲಿನ ಹಳ್ಳಿಗಳ ಜನರನ್ನು ತಂದು ಗುಂಡಿಟ್ಟು ಕೊಂದಿದ್ದು, ಅಲ್ಲಿ ಸ್ಮಾರಕದ ಕಲ್ಲೂ ಇದೆ. ನಮ್ಮ ಗೈಡ್ ಆ ಬಗ್ಗೆ ತುಟಿ ಬಿಚ್ಚಲಿಲ್ಲ, ಗುಂಪಿನ ಫೋಟೋ ತೆಗೆದು ಬಸ್ ಹತ್ತಿಸಿದ. ದಕ್ಷಿಣದ ಜೊಂಗ್‌ಬಾಂಗ್ ಜಲಪಾತದ ಹತ್ತಿರವೂ ಹೀಗೇ ಜನರನ್ನು ಕೊಂದಿದ್ದಾರೆ. ಅಲ್ಲಿ ಕಾಲಿಡಲು ಜಾಗ ಇಲ್ಲದಷ್ಟು ರಶ್, ನನಗೆ ಗುಂಪು ಆಗಿಬರಲ್ಲ, ಹಾಗಾಗಿ ಬೇಗ ಹೊರಟುಬಂದೆ.

ಸ್ವಲ್ಪ ಹಿನ್ನೆಲೆ ಗೊತ್ತಿದ್ದರೆ ಒಳ್ಳೇದು. 1947ರ ಮಾರ್ಚ್ 1ರಂದು ಪೊಲೀಸರು ಗುಂಡು ಹಾರಿಸಿ 6 ಜನ ಸತ್ತರು. 1948ರ ಏಪ್ರಿಲ್ 3ರಂದು ಎಡಪಂಥೀಯರು ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿದರು. ಆಮೇಲೆ ಸರ್ಕಾರ ಸಮುದ್ರ ದಂಡೆಯಿಂದ 5 ಕಿಲೋಮೀಟರ್‌ಗಿಂತ ಒಳಗೆ ಇರುವವರೆಲ್ಲ ಶತ್ರುಗಳು ಅಂತ ತೀರ್ಮಾನಿಸಿ ಹಳ್ಳಿಗಳನ್ನೇ ಸುಟ್ಟಿತು. 1954ರವರೆಗೆ 25ರಿಂದ 30 ಸಾವಿರ ಜನ ಸತ್ತಿರಬಹುದು ಅನ್ನುತ್ತಾರೆ, ಅಂದರೆ ದ್ವೀಪದ ಹತ್ತರಲ್ಲಿ ಒಬ್ಬರು. ಅದಾದ ಮೇಲೆ ದಶಕಗಳ ಕಾಲ ಬಾಯಿ ಬಿಟ್ಟರೆ ಕಮ್ಯುನಿಸ್ಟ್ ಅನ್ನುವ ಹಣೆಪಟ್ಟಿ. ಅಧ್ಯಕ್ಷ ರೋ ಮೂ-ಹ್ಯುನ್ ಕ್ಷಮೆ ಕೇಳಿದ್ದು 2003ರಲ್ಲಿ.

ಉದ್ಯಾನಕ್ಕೆ ಜೆಜು ನಗರದಿಂದ ಸಿಟಿ ಬಸ್ ಇದೆ, ನಂಬರ್ 43-1 ಮತ್ತು 43-2. ಬಸ್ಸುಗಳ ನಡುವೆ ತುಂಬಾ ಹೊತ್ತು ಕಾಯಬೇಕು, ವಾಪಸ್ ಬರುವ ಬಸ್ಸಿನ ಟೈಮ್ ಇಳಿದ ತಕ್ಷಣ ನೋಡಿಕೊಳ್ಳಿ. ಟಿಕೆಟ್ ಇಲ್ಲ. ಮ್ಯೂಸಿಯಂನ ಶುರುವಿನಲ್ಲೇ ಒಂದು ಬಿಳಿ ಕಲ್ಲು ಮಲಗಿದೆ, ಅದರ ಮೇಲೆ ಏನೂ ಕೆತ್ತಿಲ್ಲ. ಇದನ್ನು ದಂಗೆ ಅನ್ನಬೇಕೋ, ಹತ್ಯಾಕಾಂಡ ಅನ್ನಬೇಕೋ ಅನ್ನುವ ಜಗಳ ಇನ್ನೂ ಮುಗಿದಿಲ್ಲವಲ್ಲ, ಅದಕ್ಕೆ. ಹೊರಗಡೆ ಶವವೂ ಸಿಗದವರ ಹೆಸರಿನ ಕಲ್ಲುಗಳು ಸಾವಿರಾರು, ಸಾಲುಸಾಲು. ಇಂಥವರಲ್ಲಿ ಕೆಲವರ ಮೂಳೆಗಳು ಸಿಕ್ಕಿದ್ದು ಎಲ್ಲಿ ಗೊತ್ತಾ? 2007ರ ನಂತರ ಅಗೆದಾಗ, ನಾವೆಲ್ಲ ಇಳಿಯುವ ಜೆಜು ವಿಮಾನ ನಿಲ್ದಾಣದ ನೆಲದಲ್ಲಿ!

ಒಂದೇ ಜಾಗಕ್ಕೆ ಪುರುಸೊತ್ತು ಇದ್ದರೆ ಉದ್ಯಾನ ಬಿಟ್ಟು ಬುಕ್‌ಚೋನ್ ಅನ್ನುವ ಹಳ್ಳಿಗೆ ಹೋಗಿ. ಪೂರ್ವ ದಂಡೆಯ 201 ನಂಬರ್ ಬಸ್ ಹತ್ತಿ. 1949ರ ಜನವರಿ 17ರಂದು ಇಬ್ಬರು ಸೈನಿಕರು ಸತ್ತಿದ್ದಕ್ಕೆ ಸೇನೆ ಊರಿಗೆ ಬೆಂಕಿ ಹಾಕಿ, ಜನರನ್ನು ಶಾಲೆಯ ಮೈದಾನಕ್ಕೆ ಅಟ್ಟಿ, ಗುಂಪು ಗುಂಪಾಗಿ ಪಕ್ಕದ ಹೊಲಗಳಿಗೆ ಒಯ್ದು ಕೊಂದಿತು. ಸುಮಾರು 300 ಜನ. ನೊಬುನ್‌ಸುಂಗಿ ಸ್ಮಾರಕದ ಹತ್ತಿರ ಮಕ್ಕಳ ಪುಟ್ಟ ಗೋರಿಗಳಿವೆ, ಸುತ್ತ ಕಪ್ಪು ಕಲ್ಲು ಜೋಡಿಸಿದ್ದಾರೆ, ಕೆಲವದರ ಮೇಲೆ ಆಟದ ಸಾಮಾನು ಇಟ್ಟಿದ್ದರು. ಅಕ್ಕ ಅಲ್ಲಿಂದ ಏಳಲೇ ಇಲ್ಲ. ಇಲ್ಲಿನವರು 1954ರಲ್ಲಿ ಸತ್ತವರನ್ನು ನೆನೆದು ‘ಐಗೋ’ (ನಮ್ಮ ‘ಅಯ್ಯೋ’ ಇದ್ದ ಹಾಗೆ) ಅಂತ ಅತ್ತಿದ್ದಕ್ಕೂ ಪೊಲೀಸರ ಕೈಗೆ ಸಿಕ್ಕರು. ಈಗಲೂ ಊರಿನ ತುಂಬಾ ಮನೆಗಳಲ್ಲಿ ತಿಥಿ ಒಂದೇ ಹೊತ್ತಿಗೆ ಬರುತ್ತದೆ.

ಉಳಿಯೋಕೆ ಪಕ್ಕದ ಹಾಮ್‌ಡೊಕ್ ಬೀಚ್ ಎದುರಿನ ರೂಮ್ ಬೇಡ. ‘ಸಮುದ್ರ ಕಾಣುತ್ತೆ’ ಅಂತ ಡಬಲ್ ದುಡ್ಡು ಕಿತ್ತರು. ಕಂಡಿದ್ದು ಎದುರಿನ ಕಾಫಿ ಅಂಗಡಿಯ ಬೋರ್ಡು, ಅದೂ ರಾತ್ರಿಯಿಡೀ ಉರಿಯೋದು. ಗಾಳಿಗೆ ಕಿಟಕಿ ಬಡಿದು ನಿದ್ದೆಯೂ ಇಲ್ಲ. ಜೆಜು ನಗರದ ಬಸ್ ಟರ್ಮಿನಲ್ ಸುತ್ತಮುತ್ತ ಸಾದಾ ರೂಮ್ ಅರ್ಧ ರೇಟಿಗೆ ಸಿಗುತ್ತದೆ, ಬಸ್ಸೂ ಅಲ್ಲಿಂದಲೇ.

ಊಟದ ವಿಷಯ. ನಾವು ಸಸ್ಯಾಹಾರಿಗಳು, ಹಸಿವಲ್ಲೇ ಸಾಯ್ತೀವಿ ಅಂದುಕೊಂಡಿದ್ದೆವು. ಡೋಂಗ್‌ಮುನ್ ಮಾರ್ಕೆಟ್ಟಿನ ಒಳಗಿನ ಸಾಲಿನಲ್ಲಿ (ದೀಪ ಹಾಕಿದ ರಾತ್ರಿ ಬಜಾರಿನ ಕಡೆ ಅಲ್ಲ, ಅಲ್ಲಿ ಎಲ್ಲಾ ದುಬಾರಿ) ಒಬ್ಬ ಅಜ್ಜಿ ಕಾವಲಿಯ ಮೇಲೆ ತೆಳ್ಳಗೆ ಹಿಟ್ಟು ಹುಯ್ದು, ಬೇಯಿಸಿದ ಮೂಲಂಗಿ ತುರಿ ಇಟ್ಟು ಸುರುಳಿ ಸುತ್ತುತ್ತಿದ್ದರು. ಹೆಸರು ಬಿಂಗ್‌ಟೊಕ್, ಬಕ್‌ವೀಟ್ ಹಿಟ್ಟಿನ ದೋಸೆ ಅಂತಲೇ ಅಂದುಕೊಳ್ಳಿ. ಮೊದಲ ತುತ್ತಿಗೆ ಸಪ್ಪೆ, ಮೂರನೇದಕ್ಕೆ ಬಿಡೋಕಾಗಲ್ಲ, ಬೆಲೆಯಂತೂ ಏನೂ ಅಲ್ಲ. ನಾವು ಊರಿಂದ ತಂದಿದ್ದ ಚಟ್ನಿಪುಡಿ ಉದುರಿಸಿಕೊಂಡಾಗ ಅಜ್ಜಿ ತಾವೂ ಚೂರು ನೆಕ್ಕಿ ನೋಡಿ, ಮುಖ ಕಿವುಚಿ, ಮತ್ತೆ ಕೈ ಚಾಚಿದರು. ಹಿಂದೆಲ್ಲ ಹಂದಿ ಕೊಬ್ಬಿನಲ್ಲಿ ಬೇಯಿಸುತ್ತಿದ್ದರಂತೆ, ಯಾವ ಎಣ್ಣೆ ಅಂತ ಕೇಳಿಯೇ ತಿನ್ನಿ. ಓಮೆಗಿ ಟೊಕ್ ಅನ್ನುವ ಉಂಡೆಯೂ ಅಲ್ಲೇ ಸಿಗುತ್ತದೆ. ಅದು ಅಂಟು ನವಣೆಯದು, ಮೇಲೆ ಕೆಂಪು ಕಾಳಿನ ಹೂರಣ. ನಾಲ್ಕು ಕಟ್ಟಿಸಿಕೊಳ್ಳಿ, ಬುಕ್‌ಚೋನ್‌ನಲ್ಲಿ ನಮ್ಮಂಥವರಿಗೆ ತಿನ್ನಲು ಕಷ್ಟ.

ಏಪ್ರಿಲ್ 3ರಂದು ಬೆಳಿಗ್ಗೆ 10 ಗಂಟೆಗೆ ದ್ವೀಪದ ತುಂಬಾ ಒಂದು ನಿಮಿಷ ಸೈರನ್ ಕೂಗುತ್ತದೆ, ಗಾಬರಿ ಬೀಳಬೇಡಿ. ಆ ದಿನ ಉದ್ಯಾನದಲ್ಲಿ ಸರ್ಕಾರಿ ಕಾರ್ಯಕ್ರಮ, ವಿಪರೀತ ಜನ. ನಮ್ಮ ಹಾಗೆ ಗುಂಪು ಆಗದವರು ಒಂದು ವಾರ ಬಿಟ್ಟು ಹೋಗಿ. ಕೆಲವು ಸೋಮವಾರ ಮ್ಯೂಸಿಯಂ ಮುಚ್ಚಿರುತ್ತದೆ, ನೋಡಿಕೊಂಡು ಹೊರಡಿ. ಛತ್ರಿ ಅಲ್ಲಿನ ಗಾಳಿಗೆ ನಿಲ್ಲಲ್ಲ, ರೇನ್‌ಕೋಟ್ ತಗೊಂಡು ಹೋಗಿ.