ಹಾರ್ಡ್‌ವಿಕ್ ಹಾಲ್ ಮಾದರಿ: ಪಶ್ಚಿಮದ ಗೋಡೆ ನಿಂತಿತು

ಇಂಗ್ಲೆಂಡಿನ ಹಳೆಯ ಭವ್ಯ ಮನೆ ಹಾರ್ಡ್‌ವಿಕ್ ಹಾಲ್‌ನ ಮಾದರಿಯನ್ನು ರಟ್ಟಿನಲ್ಲಿ ಮಾಡುತ್ತಿದ್ದೇನೆ. ಈ ವಾರ ಅದಕ್ಕೆ ಪಶ್ಚಿಮಕ್ಕಿರುವ ಮುಂಭಾಗದ ಗೋಡೆ ಬಂದಿದೆ. ಅಳತೆ ಒಂದಕ್ಕೆ ನೂರು. ಕಿಟಕಿಗಳನ್ನೆಲ್ಲ ಕತ್ತರಿಸಿ ತೆಗೆದ ಮೇಲೆ ಕೈಯಲ್ಲಿ ಉಳಿದದ್ದು ಗೋಡೆಯಲ್ಲ, ಜಾಲರಿ. ಎತ್ತಿ ಹಿಡಿದರೆ ಬಾಗುತ್ತದೆ. ಈ ಮನೆಯಲ್ಲಿ ಗೋಡೆಗಿಂತ ಗಾಜೇ ಹೆಚ್ಚು ಎಂದು ಇಂಗ್ಲೆಂಡಿನವರು ಹಾಡಿದ್ದು ಸುಮ್ಮನೆ ಅಲ್ಲ.

ಡರ್ಬಿಷೈರ್‌ನ ಗುಡ್ಡದ ಮೇಲೆ 1590ರಿಂದ 1597ರವರೆಗೆ ಇದನ್ನು ಕಟ್ಟಿಸಿದವಳು ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್, ಎಲ್ಲರ ಬಾಯಲ್ಲಿ ಬೆಸ್. ವಿನ್ಯಾಸ ರಾಬರ್ಟ್ ಸ್ಮಿತ್‌ಸನ್‌ನದು ಎನ್ನುತ್ತಾರೆ. ಗಾಜು ಆಗ ಸಿರಿವಂತರ ಸೊತ್ತು. ಬೆಸ್‌ಗೆ ಸ್ವಂತ ಗಾಜಿನ ಕುಲುಮೆಯೇ ಇತ್ತು.

ಅಷ್ಟು ಗಾಜನ್ನು ಹೊತ್ತ ಕಟ್ಟಡ ನಿಂತದ್ದು ಹೇಗೆ? ಮನೆಯ ನಡುವೆ ಉದ್ದಕ್ಕೂ ದಪ್ಪ ಗೋಡೆಯೊಂದು ಹಾದುಹೋಗಿದೆ. ಬಹುಪಾಲು ಒಲೆಗಳೂ ಹೊಗೆಗೊಳವೆಗಳೂ ಅದರಲ್ಲೇ ಅಡಗಿರುವುದರಿಂದ ಹೊರಗೋಡೆ ಕಿಟಕಿಗಳಿಗೆ ಬಿಡುವಾಗಿದೆ. ನಾನೂ ಅದೇ ಕ್ರಮ ಹಿಡಿದೆ: ಮೊದಲು ಎರಡು ಪದರದ ರಟ್ಟಿನಲ್ಲಿ ನಡುಗೋಡೆ, ಅದಕ್ಕೆ ಮೂರು ಅಂತಸ್ತಿನ ನೆಲ, ಕೊನೆಗೆ ಆ ಜಾಲರಿ. ಅಂಟು ಒಣಗಿದ ಮೇಲೆ ಬಾಗುವ ಮಾತೇ ಇಲ್ಲ.

ಕಿಟಕಿಗಳ ಹಿಂದೆ ಪಾರದರ್ಶಕ ಹಾಳೆ ಅಂಟಿಸಿದ್ದೇನೆ. ಕೆಲವಕ್ಕೆ ಮಾತ್ರ ಕಪ್ಪು ಕಾಗದ, ಏಕೆಂದರೆ ಅವು ಸುಳ್ಳು ಕಿಟಕಿಗಳು. ಗಾಜಿನ ಹಿಂದೆಯೇ ಕಲ್ಲಿನ ಗೋಡೆ. ಹೊರಗಿನ ಸಮತೋಲ ಕೆಡಬಾರದೆಂದು ಮಾಡಿದ ಈ ನಾಟಕ ನನಗಂತೂ ಇಷ್ಟ. ಮೇಲೇರಿದಷ್ಟೂ ಕಿಟಕಿಗಳು ಎತ್ತರವಾಗುತ್ತವೆ. ವೈಭವದ ಕೋಣೆಗಳಿರುವುದು ತುತ್ತತುದಿಯಲ್ಲಿ, ರಾಣಿಯನ್ನು ಬರಮಾಡಿಕೊಳ್ಳಲು ತಕ್ಕ ಹಾಗೆ. ಒಂದನೇ ಎಲಿಜಬೆತ್ ರಾಣಿ ಇಲ್ಲಿಗೆ ಬರಲೇ ಇಲ್ಲ.

ಹೆಚ್ಚು ಹೊತ್ತು ತಿಂದದ್ದು ಗೋಪುರಗಳ ತಲೆ. ಆರು ಗೋಪುರಗಳ ಮೇಲೂ ಬೆಸ್ ತನ್ನ ಹೆಸರಿನ ‘ಇ’, ‘ಎಸ್’ ಅಕ್ಷರಗಳನ್ನು ಕಲ್ಲಿನಲ್ಲಿ ಕೊರೆಸಿ, ಮೇಲೊಂದು ಕಿರೀಟ ಇಡಿಸಿದ್ದಾಳೆ. ‘ಇ’ ಸಲೀಸು. ‘ಎಸ್’ನ ಸೊಂಟ ಬ್ಲೇಡು ತಾಗಿದರೆ ಸಾಕು, ಹರಿಯುತ್ತದೆ. ಕಾಗದಕ್ಕೆ ತೆಳುವಾಗಿ ಅಂಟು ಸವರಿ, ಒಣಗಿದ ಮೇಲೆ ಕತ್ತರಿಸಿದರೆ ಅಂಚು ಗಟ್ಟಿಯಾಗಿ ನಿಲ್ಲುತ್ತದೆ. ನಾಲ್ಕು ಗೋಪುರ ಮುಗಿದಿವೆ.

ಮುಂದಿನದು ಲಾಂಗ್ ಗ್ಯಾಲರಿ, ಅಂದರೆ ಉದ್ದನೆಯ ಪಡಸಾಲೆ. ನಿಜದಲ್ಲಿ ಸುಮಾರು 50 ಮೀಟರ್, ನನ್ನ ಮೇಜಿನ ಮೇಲೆ ಅರ್ಧ ಮೀಟರ್. ಅದರ ಗೋಡೆಗೆ ತೂಗುಹಾಕಿರುವ ಬೈಬಲ್ಲಿನ ವೀರ ಗಿಡಿಯನ್ ಕಥೆಯ ನೇಯ್ಗೆ ಚಿತ್ರಗಳನ್ನು ಬೆಸ್ 1592ರಲ್ಲಿ ಹ್ಯಾಟನ್ ಮನೆತನದಿಂದ ಕೊಂಡಳು. ಅವರ ಲಾಂಛನ ಮರೆಮಾಡುವ ಖರ್ಚೆಂದು ಬೆಲೆಯಲ್ಲಿ 5 ಪೌಂಡ್ ಇಳಿಸಿಕೊಂಡಳಂತೆ. ಅವನ್ನು ಚಿಕ್ಕದಾಗಿ ಮುದ್ರಿಸಿ ಅಂಟಿಸಿದ ಮೇಲೆಯೇ ಚಾವಣಿ ಮುಚ್ಚುತ್ತೇನೆ.