'ಅಪಾಯ ಕಂಡಿಲ್ಲ' ಎಂದು ಬರೆಯುವ ಮುನ್ನ

ನಮ್ಮ ತಪಾಸಣೆ ಪುಸ್ತಕದಲ್ಲಿ ಸಾಮಾನ್ಯ ಪೆನ್ಸಿಲ್ ನಡೆಯುವುದಿಲ್ಲ. ಶಾಯಿಯಲ್ಲಿ ಬರೆಯಬೇಕು, ಇಲ್ಲದಿದ್ದರೆ ಅಳಿಸಲಾಗದ ಪೆನ್ಸಿಲ್ ಬೇಕು. ಇದು ಯಾವುದೋ ಮ್ಯಾನೇಜರ್‌ನ ಹಟವಲ್ಲ. ತೆರೆದ ಕಲ್ಲಿದ್ದಲು ಗಣಿಗಳಿಗೆ ಅಮೆರಿಕದ ಫೆಡರಲ್ ನಿಯಮ 77.1713 ಹೇಳುವುದೇ ಹಾಗೆ. ಪ್ರತಿ ಶಿಫ್ಟ್‌ನಲ್ಲಿ ಕನಿಷ್ಠ ಒಂದು ಸಲ, ಕೆಲಸ ನಡೆಯುವ ಪ್ರತಿಯೊಂದು ಜಾಗವನ್ನೂ ಸರ್ಟಿಫಿಕೇಟ್ ಇರುವ ಒಬ್ಬರು ಹೋಗಿ ನೋಡಬೇಕು. ಏನು ಕಂಡಿತು, ಅದಕ್ಕೆ ಏನು ಮಾಡಿದರು ಎಂದು ಬರೆಯಬೇಕು. ಅದಕ್ಕೆ ಜವಾಬ್ದಾರಿ ಹೊತ್ತ ಮೇಲಿನವರು ದಿನವೂ ಸಹಿ ಹಾಕಬೇಕು.

ಆ 'ಹೋಗಿ ನೋಡುವವರು' ನಾನು. ಮನೆಯಲ್ಲಿ ಯಾರಾದರೂ ಕೇಳಿದರೆ "ಗಣಿಯಲ್ಲಿ ಸೇಫ್ಟಿ ಕೆಲಸ" ಎಂದು ಹೇಳಿ ಸುಮ್ಮನಾಗುತ್ತೇನೆ. ಆದರೆ ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಒಮ್ಮೆ ಸರಿಯಾಗಿ ಬರೆಯಬೇಕು ಎಂದು ತುಂಬಾ ದಿನದಿಂದ ಅನ್ನಿಸುತ್ತಿತ್ತು. ಹೆಲ್ಮೆಟ್ ಹಾಕಿದ್ದೀರಾ, ಬೆಲ್ಟ್ ಕಟ್ಟಿದ್ದೀರಾ ಎಂದು ಕೇಳುತ್ತಾ ತಿರುಗುವುದೇ ನಮ್ಮ ಕೆಲಸ ಎಂದು ಜನ ತಿಳಿದಿದ್ದಾರೆ. ಅದೂ ಇದೆ. ಆದರೆ ಜಾಸ್ತಿ ಹೊತ್ತು ನಾನು ನೋಡುವುದು ಮನುಷ್ಯರನ್ನಲ್ಲ, ನೆಲವನ್ನು.

ಮೊದಲು ಹೈವಾಲ್. ಕಲ್ಲಿದ್ದಲಿನ ಮೇಲಿನ ಮಣ್ಣು, ಬಂಡೆ ಎಲ್ಲ ತೆಗೆದ ಮೇಲೆ ಒಂದು ಬದಿಯಲ್ಲಿ ನೆಟ್ಟಗೆ ನಿಲ್ಲುವ ಗೋಡೆ ಇದು. ಇದರ ಬುಡದಲ್ಲೇ ಶಾವೆಲ್‌ಗಳು (ಅಗೆದು ತುಂಬುವ ದೈತ್ಯ ಯಂತ್ರಗಳು), ಟ್ರಕ್‌ಗಳು ಓಡಾಡುತ್ತವೆ. ಕೆಳಗೆ ನಿಂತು ನೋಡಿದರೆ ಅರ್ಧ ಕಥೆ ಮಾತ್ರ ಗೊತ್ತಾಗುತ್ತದೆ. ಮೇಲೆ ಹೋಗಬೇಕು. ಅಂಚಿಗೆ ಸಮಾನಾಂತರವಾಗಿ, ಸ್ವಲ್ಪ ಹಿಂದೆ, ನೆಲದಲ್ಲಿ ಒಂದು ಗೆರೆ ಬಿಟ್ಟಿದೆಯಾ ಎಂದು ಹುಡುಕಬೇಕು. ಬಿರುಕು ಕಂಡರೆ ಅದರ ಎರಡೂ ಕಡೆ ಗೂಟ ಹೊಡೆದು ನಡುವಿನ ಅಂತರ ಅಳೆದು ಬರೆದಿಡುತ್ತೇವೆ. ಮುಂದಿನ ಶಿಫ್ಟ್‌ನವರು ಮತ್ತೆ ಅಳೆಯುತ್ತಾರೆ. ಅಂತರ ಹೆಚ್ಚಿದ್ದರೆ ಕೆಳಗೆ ಕೆಲಸ ನಿಲ್ಲುತ್ತದೆ. ಈಗ ಗೋಡೆಯ ಚಲನೆ ಅಳೆಯುವ ರೇಡಾರ್‌ಗಳೂ ಇವೆ. ಬಹಳ ಒಳ್ಳೆಯ ಉಪಕರಣ. ಆದರೂ ಗೋಡೆಯ ನಡುವಿನಿಂದ ನಿನ್ನೆ ಇಲ್ಲದ ನೀರು ಇವತ್ತು ಒಸರುತ್ತಿದ್ದರೆ ಅದನ್ನು ನೋಡಿ ಹುಬ್ಬೇರಿಸಲು ಒಬ್ಬ ಮನುಷ್ಯ ಬೇಕೇ ಬೇಕು.

ನನಗೆ ತುಂಬಾ ಇಷ್ಟವಾದ ನಿಯಮ ಒಂದಿದೆ, 77.1004. ಪ್ರತಿ ಮಳೆಯ ನಂತರ, ಪ್ರತಿ ಹೆಪ್ಪುಗಟ್ಟುವಿಕೆಯ ನಂತರ, ಹಿಮ ಕರಗಿದ ನಂತರ, ಜನ ಆ ಜಾಗಕ್ಕೆ ಇಳಿಯುವ ಮೊದಲೇ ಹೈವಾಲ್, ದಿಬ್ಬ, ಮೆಟ್ಟಿಲಿನ ಹಾಗೆ ಕಡಿದ ಬೆಂಚುಗಳನ್ನೆಲ್ಲ ಮತ್ತೆ ನೋಡಬೇಕು, ಪುಸ್ತಕದಲ್ಲಿ ದಾಖಲಿಸಬೇಕು. ಇದನ್ನು ಬರೆದವರಿಗೆ ನೆಲದ ಗುಣ ಗೊತ್ತಿತ್ತು. ನೀರು ಹೆಪ್ಪುಗಟ್ಟಿದರೆ ಸುಮಾರು 9% ಹಿಗ್ಗುತ್ತದೆ. ಬಂಡೆಯ ಸೀಳಿನೊಳಗೆ ಸೇರಿದ ನೀರು ರಾತ್ರಿ ಮಂಜುಗಡ್ಡೆಯಾಗಿ ಸೀಳನ್ನು ಅಗಲ ಮಾಡುತ್ತದೆ. ಅದೇ ಮಂಜು ಕಲ್ಲನ್ನು ಹಿಡಿದೂ ನಿಲ್ಲಿಸುತ್ತದೆ. ಬಿಸಿಲು ಬಂದು ಮಂಜು ಕರಗಿದಾಗ ಹಿಡಿತ ಹೋಗುತ್ತದೆ, ಕಲ್ಲು ಬೀಳುತ್ತದೆ. ಹಾಗಾಗಿ ಚಳಿಗಾಲದ ಕೊನೆಯಲ್ಲಿ, ಎಲ್ಲರೂ ಬಿಸಿಲು ಬಂತು ಎಂದು ಖುಷಿಪಡುವ ದಿನ, ನನಗೆ ಕೆಲಸ ಜಾಸ್ತಿ. ಬೆಳಿಗ್ಗೆ ಆರಕ್ಕೆ ಸರಿಯಾಗಿದ್ದ ಗೋಡೆ ಹತ್ತಕ್ಕೆ ಸರಿಯಾಗಿರಬೇಕೆಂದೇನೂ ಇಲ್ಲ. ಶಿಫ್ಟ್‌ಗೆ ಒಂದೇ ಸಲ ನೋಡಿದರೆ ಸಾಕು ಎಂದು ಲೆಕ್ಕ ಹಾಕುವವರು ನಿಯಮವನ್ನು ಅರ್ಧ ಓದಿದವರು. 'ಅಗತ್ಯವಿದ್ದರೆ ಇನ್ನೂ ಹೆಚ್ಚು ಸಲ' ಎಂಬ ಮಾತೂ ಅದರಲ್ಲೇ ಇದೆ.

ಆಮೇಲೆ ರಸ್ತೆಗಳು. ಎತ್ತರದಲ್ಲಿ ಹೋಗುವ ಹಾಲ್ ರೋಡ್‌ನ, ಅಂದರೆ ಟ್ರಕ್‌ಗಳು ಸರಕು ಸಾಗಿಸುವ ರಸ್ತೆಯ, ಹೊರ ಅಂಚಿಗೆ ಮಣ್ಣಿನ ದಿಣ್ಣೆ ಇರಬೇಕು. ನಾವು ಬರ್ಮ್ ಎನ್ನುತ್ತೇವೆ. ಆ ರಸ್ತೆಯಲ್ಲಿ ಓಡುವ ಅತಿ ದೊಡ್ಡ ವಾಹನದ ಅಚ್ಚಿನ ನಡುಮಟ್ಟಕ್ಕೆ ಅದು ಬರಬೇಕು ಎನ್ನುವುದು ನಾವು ಇಟ್ಟುಕೊಂಡಿರುವ ಲೆಕ್ಕ. 400 ಟನ್ ಹೊರುವ ಟ್ರಕ್‌ನ ಒಂದು ಟೈರ್ ಸುಮಾರು 13 ಅಡಿ ಎತ್ತರ. ಅಂದರೆ ಬರ್ಮ್ ನನ್ನ ತಲೆಯ ಮೇಲೆ ಹೋಗಬೇಕು. ಪಿಕಪ್‌ನಲ್ಲಿ ಕೂತು ನೋಡಿದರೆ ಎಲ್ಲ ಬರ್ಮ್‌ಗಳೂ ಬೆಟ್ಟದ ಹಾಗೆ ಕಾಣುತ್ತವೆ. ಇಳಿದು ಪಕ್ಕದಲ್ಲಿ ನಿಂತರೆ ಮಾತ್ರ ಎಲ್ಲಿ ಸೊಂಟದ ಮಟ್ಟಕ್ಕೆ ಕುಸಿದಿದೆ ಎಂದು ಗೊತ್ತಾಗುತ್ತದೆ.

ಹಿಮ ಬಿದ್ದಾಗ ಇನ್ನೊಂದು ತಮಾಷೆ. ರಸ್ತೆ ಸಮ ಮಾಡುವ ಗ್ರೇಡರ್ ಯಂತ್ರ ಹಿಮವನ್ನು ತಳ್ಳಿ ಅಂಚಿಗೆ ಪೇರಿಸುತ್ತದೆ. ನೋಡಲು ಚೆಂದದ ಬರ್ಮ್. ಆದರೆ ಅದರೊಳಗೆ ಮಣ್ಣಿಲ್ಲ. ಎರಡು ದಿನ ಬಿಸಿಲು ಬಿದ್ದರೆ ಅರ್ಧಕ್ಕೆ ಇಳಿಯುತ್ತದೆ. ಇಳಿಯದಿದ್ದರೂ ಆ ತೂಕದ ಟ್ರಕ್ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ನಾನು ಒಂದು ಸಲಿಕೆ ಇಟ್ಟುಕೊಂಡು ಚುಚ್ಚಿ ನೋಡುತ್ತೇನೆ. ಗ್ರೇಡರ್ ಆಪರೇಟರ್‌ಗಳು ಇದನ್ನು ನೋಡಿ ನಗುತ್ತಾರೆ. ನಗಲಿ.

ತೆಗೆದ ಮಣ್ಣು ಸುರಿಯುವ ಡಂಪ್‌ನ ಅಂಚು, ಕಲ್ಲಿದ್ದಲಿನ ರಾಶಿ, ಶಾವೆಲ್‌ಗೆ ಕರೆಂಟ್ ಒಯ್ಯುವ ಕೇಬಲ್, ಬ್ಲಾಸ್ಟ್ ಆದ ಮೇಲೆ ಸಿಡಿಯದೆ ಉಳಿದದ್ದೇನಾದರೂ ಇದೆಯಾ, ಎಲ್ಲವೂ ಪಟ್ಟಿಯಲ್ಲಿವೆ. ಒಂದೊಂದರ ಬಗ್ಗೆಯೂ ಬರೆದರೆ ಇದು ಮುಗಿಯುವುದಿಲ್ಲ. ರಾಶಿಯ ಬಗ್ಗೆ ಮಾತ್ರ ಒಂದು ಮಾತು. ರಾಶಿಯ ಅಡಿಯಲ್ಲಿರುವ ಫೀಡರ್ ಎಂಬ ಯಂತ್ರ ಕಲ್ಲಿದ್ದಲನ್ನು ಕೆಳಗಿನಿಂದ ಎಳೆಯುತ್ತಿರುತ್ತದೆ. ಕೆಲವೊಮ್ಮೆ ಮೇಲಿನ ಪದರ ಗಟ್ಟಿಯಾಗಿ ಹಾಗೇ ನಿಂತು, ಒಳಗೆ ಟೊಳ್ಳಾಗುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದರ ಮೇಲೆ ಡೋಜರ್ ಹೋದರೆ ಡೋಜರ್ ಸಮೇತ ಒಳಗೆ ಇಳಿಯುತ್ತದೆ. ಫೀಡರ್ ಮೇಲ್ಭಾಗದಲ್ಲಿ ಯಾರೂ ನಡೆಯಬಾರದು, ನಿಲ್ಲಬಾರದು ಎಂದು ನಿಯಮ ಇರುವುದು ಅದಕ್ಕೇ.

ಈಗ ಬರವಣಿಗೆಗೆ ಬರುತ್ತೇನೆ. ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇದೇ.

ಪುಸ್ತಕದಲ್ಲಿ ಅತಿ ಹೆಚ್ಚು ಸಲ ಬರುವ ವಾಕ್ಯ 'ಅಪಾಯ ಕಂಡಿಲ್ಲ'. ಅದು ಎಷ್ಟೋ ದಿನ ನಿಜವೇ ಆಗಿರುತ್ತದೆ. ಆದರೆ ವಾರಗಟ್ಟಲೆ, ಮಳೆ ಬಂದ ದಿನವೂ, ಹಿಮ ಕರಗಿದ ದಿನವೂ ಅದೇ ಮಾತು ಇದ್ದರೆ ನಾನು ಗಣಿಯನ್ನು ನಂಬುವುದಿಲ್ಲ, ಬರೆದವರನ್ನೂ ನಂಬುವುದಿಲ್ಲ. ಇಷ್ಟು ದೊಡ್ಡ ಗುಂಡಿಯಲ್ಲಿ, ಹಗಲು ರಾತ್ರಿ ಟ್ರಕ್ ಓಡುವ ಕಡೆ, ಒಂದೂ ಬರ್ಮ್ ಕುಸಿಯಲಿಲ್ಲ, ಒಂದೂ ಕಲ್ಲು ಸಡಿಲವಾಗಲಿಲ್ಲ ಎಂದರೆ ಯಾರಾದರೂ ಒಪ್ಪುತ್ತಾರಾ? ಅಂಥ ಪುಟಗಳನ್ನು ಬರೆದವರು ಬಹುಶಃ ಪಿಕಪ್‌ನಿಂದ ಇಳಿದಿಲ್ಲ.

ವಾಹನಗಳ ಚೀಟಿಯಲ್ಲೂ ಇದೇ ರೋಗ. ಟ್ರಕ್, ಲೋಡರ್, ಡೋಜರ್ ಯಾವುದನ್ನೇ ಓಡಿಸುವ ಮೊದಲೂ ಬ್ರೇಕ್, ಸ್ಟಿಯರಿಂಗ್, ಹಾರ್ನ್, ಹಿಂದಕ್ಕೆ ಹೋಗುವಾಗಿನ ಅಲಾರಂ ಎಲ್ಲ ನೋಡಬೇಕು. ಸುರಕ್ಷತೆಗೆ ಸಂಬಂಧಿಸಿದ ದೋಷ ಇದ್ದರೆ ಬರೆದು ತಿಳಿಸಬೇಕು, ರಿಪೇರಿ ಆಗುವವರೆಗೆ ಓಡಿಸಬಾರದು. ಕೆಲವರು ಚೀಟಿಯ ಮೊದಲ ಖಾನೆಯಿಂದ ಕೊನೆಯ ಖಾನೆವರೆಗೆ ಒಂದೇ ಗೆರೆ ಎಳೆದುಬಿಡುತ್ತಾರೆ. ಟ್ಯಾಬ್ಲೆಟ್ ಬಂದ ಮೇಲೆ ಆ ಗೆರೆಯ ಶ್ರಮವೂ ತಪ್ಪಿತು. ಒಂದು ಬಟನ್ ಒತ್ತಿದರೆ ಎಲ್ಲ ಖಾನೆಗೂ ಹಸಿರು ಟಿಕ್. ಆ ಬಟನ್ ತೆಗೆಸಿ ಎಂದು ನಾನು ಜಗಳ ಮಾಡಿದ್ದೇನೆ. ಟ್ಯಾಬ್ಲೆಟ್‌ನಿಂದ ಒಂದು ಲಾಭ ಇದೆ, ಅದನ್ನೂ ಹೇಳಬೇಕು. ಇಡೀ ಸುತ್ತಿನ ತಪಾಸಣೆ ಎಷ್ಟು ಹೊತ್ತಿನಲ್ಲಿ ಮುಗಿಯಿತು ಎಂದು ಅದು ತಾನೇ ಬರೆದುಕೊಳ್ಳುತ್ತದೆ. ಅಷ್ಟು ದೊಡ್ಡ ಟ್ರಕ್‌ನ ಸುತ್ತ ನಡೆಯುವುದು ಒಂದು ನಿಮಿಷದ ಕೆಲಸವಲ್ಲ ಅಲ್ವಾ?

ನಾನು ಹೊಸಬರಿಗೆ ಹೇಳಿಕೊಡುವಾಗ ಎರಡು ಬರಹ ತೋರಿಸುತ್ತೇನೆ. ಒಂದು: 'ಬರ್ಮ್ ಕಡಿಮೆ. ಸರಿಪಡಿಸಲಾಗಿದೆ.' ಇನ್ನೊಂದು: 'ದಕ್ಷಿಣ ಪಿಟ್, 3ನೇ ರ‍್ಯಾಂಪ್, ಎರಡನೇ ತಿರುವಿನ ಹೊರಬದಿ. ಸುಮಾರು 40 ಅಡಿ ಉದ್ದಕ್ಕೆ ಬರ್ಮ್ ಅಚ್ಚಿನ ಮಟ್ಟಕ್ಕಿಂತ ಕಡಿಮೆ. 6:20ಕ್ಕೆ ರ‍್ಯಾಂಪ್ ಮುಚ್ಚಿಸಿದೆ. ಡೋಜರ್ ಮಣ್ಣು ಏರಿಸಿತು. 7:45ಕ್ಕೆ ಮತ್ತೆ ನೋಡಿ ತೆರೆಸಿದೆ.' ಮೊದಲನೆಯದನ್ನು ಹಿಡಿದುಕೊಂಡು ರಾತ್ರಿ ಶಿಫ್ಟ್‌ನವರು ಎಲ್ಲಿಗೆ ಹೋಗಬೇಕು? ಎರಡನೆಯದನ್ನು ಓದಿದರೆ ನೇರವಾಗಿ ಆ ತಿರುವಿಗೆ ಹೋಗಿ ನಿಲ್ಲಬಹುದು. ಒಂದೇ ತಿರುವು ತಿಂಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ಮಣ್ಣು ಏರಿಸಿ ಪ್ರಯೋಜನವಿಲ್ಲ, ಆ ರಸ್ತೆಯ ಕೆಳಗೆ ನೀರು ಹೋಗುತ್ತಿದೆಯಾ ನೋಡಬೇಕು ಎಂದೂ ಗೊತ್ತಾಗುತ್ತದೆ.

ಹೊಸಬರಿಗೆ ಒಂದು ಭಯ ಇರುತ್ತದೆ. ಬರೆದರೆ ಸಾಕ್ಷಿ ಕೊಟ್ಟಂತಾಗುತ್ತದೆ ಎಂದು. ನಾನು ಹಿಂದೆ ಇದ್ದ ಒಂದು ಕಡೆ ಮೇಲಿನವರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಇದನ್ನು ಬಾಯಲ್ಲಿ ಹೇಳಿದ್ದರೆ ಸಾಕಿತ್ತಲ್ಲ, ಪುಸ್ತಕಕ್ಕೆ ಯಾಕೆ ಹಾಕಿದಿರಿ?" ಎಂದರು. "ಪುಸ್ತಕ ಇರುವುದು ಅದಕ್ಕೇ ಅಲ್ವಾ ಸರ್?" ಎಂದೆ. ಅವರಿಗೆ ಇಷ್ಟವಾಗಲಿಲ್ಲ. ಸಹಿ ಮಾತ್ರ ಹಾಕಿದರು.

ಈ ಭಯ ಎಲ್ಲಿಗೆ ಮುಟ್ಟಬಹುದು ಎನ್ನುವುದಕ್ಕೆ ಅಪ್ಪರ್ ಬಿಗ್ ಬ್ರಾಂಚ್ ಇದೆ. ಅದು ವೆಸ್ಟ್ ವರ್ಜೀನಿಯಾದ ಭೂಗತ ಗಣಿ, ತೆರೆದದ್ದಲ್ಲ. 2010ರ ಏಪ್ರಿಲ್ 5ರಂದು ಅಲ್ಲಿ ಸ್ಫೋಟವಾಗಿ 29 ಜನ ಸತ್ತರು. ತನಿಖೆ ಮಾಡಿದ ಎಂಎಸ್‌ಎಚ್‌ಎ, ಅಂದರೆ ಫೆಡರಲ್ ಗಣಿ ಸುರಕ್ಷತಾ ಸಂಸ್ಥೆ, 2011ರಲ್ಲಿ ಹೇಳಿದ್ದು ನೋಡಿ: ಅಲ್ಲಿ ಎರಡು ರೀತಿಯ ಪುಸ್ತಕ ಇದ್ದವು. ಕಂಡ ಅಪಾಯಗಳೆಲ್ಲ ಒಳಗಿನವರ ಪುಸ್ತಕದಲ್ಲಿ. ಇನ್‌ಸ್ಪೆಕ್ಟರ್‌ಗಳು ನೋಡುವ ಪುಸ್ತಕದಲ್ಲಿ ಅವು ಇಲ್ಲ. ನೋಡಿದವರಿಗೆ ಎಲ್ಲ ಗೊತ್ತಿತ್ತು, ಬರೆದೂ ಇದ್ದರು. ಬರೆದದ್ದು ಓದಬೇಕಾದವರ ಕೈಗೆ ಸಿಗದ ಹಾಗೆ ನೋಡಿಕೊಂಡರು.

ಇನ್ನೊಂದು ಹಳೆಯದು, ಅದೇ ರಾಜ್ಯದ ಬಫಲೋ ಕ್ರೀಕ್. ಕಲ್ಲಿದ್ದಲು ತೊಳೆದ ಕೆಸರನ್ನು ತಡೆದಿಟ್ಟಿದ್ದ ಅಣೆಕಟ್ಟು 1972ರ ಫೆಬ್ರವರಿ 26ರಂದು ಒಡೆದು 125 ಜನ ತೀರಿಕೊಂಡರು. ಅದಕ್ಕೆ ನಾಲ್ಕು ದಿನ ಮೊದಲು ಫೆಡರಲ್ ಇನ್‌ಸ್ಪೆಕ್ಟರ್ ಒಬ್ಬರು ನೋಡಿ, ಸ್ಥಿತಿ ತೃಪ್ತಿಕರ ಎಂದು ಹೇಳಿ ಹೋಗಿದ್ದರು. ಈಗ ಅಂಥ ಅಣೆಕಟ್ಟುಗಳನ್ನು ಏಳು ದಿನ ಮೀರದಂತೆ ಪರೀಕ್ಷಿಸಬೇಕು ಎಂಬ ನಿಯಮ ಇದೆ. ಮಳೆಗಾಲದಲ್ಲಿ ಏಳು ದಿನವೂ ಜಾಸ್ತಿಯೇ ಎಂದು ನನ್ನ ಅಭಿಪ್ರಾಯ.

ಕಾನೂನಿನ ಪ್ರಕಾರ ತೆರೆದ ಗಣಿಗೆ ಫೆಡರಲ್ ಇನ್‌ಸ್ಪೆಕ್ಟರ್ ವರ್ಷಕ್ಕೆ ಕನಿಷ್ಠ ಎರಡು ಸಲ ಬರುತ್ತಾರೆ, ಭೂಗತ ಗಣಿಗೆ ನಾಲ್ಕು ಸಲ. ಮುಂಚೆ ಹೇಳಿ ಬರುವಂತಿಲ್ಲ. ಬಂದವರು ಪುಸ್ತಕ ಕೇಳುತ್ತಾರೆ. ನಾವು ಬರೆದ ಬಿರುಕು ಅವರ ಕಣ್ಣಿಗೂ ಬಿದ್ದರೆ, ನಾವು ಏನು ಮಾಡಿದ್ದೇವೆ ಎಂದು ಓದುತ್ತಾರೆ. ನಾವು ಬರೆಯದ ಬಿರುಕು ಅವರಿಗೆ ಕಂಡರೆ ಮಾತು ಬೇರೆ. ಬೇಕೆಂದೇ ಸುಳ್ಳು ದಾಖಲೆ ಬರೆದರೆ 1977ರ ಗಣಿ ಕಾಯ್ದೆಯಲ್ಲಿ ಐದು ವರ್ಷದವರೆಗೆ ಜೈಲು ಇದೆ. ಇದನ್ನು ಹೇಳಿ ಹೆದರಿಸುವುದು ನನಗೆ ಇಷ್ಟವಿಲ್ಲ, ಆದರೆ "ಸುಮ್ನೆ ಒಂದು ಟಿಕ್ ತಾನೇ" ಎನ್ನುವವರಿಗೆ ಹೇಳಲೇಬೇಕಾಗುತ್ತದೆ.

ಅಪಾಯ ಕೈಮೀರುವ ಹಾಗಿದ್ದರೆ ಬರೆಯುವುದು ಆಮೇಲೆ. ಮೊದಲು ರೇಡಿಯೋ. ಜನರನ್ನು ಹೊರಗೆ ಕಳಿಸಬೇಕು, ಸರಿಪಡಿಸಲು ಬೇಕಾದವರು ಮಾತ್ರ ಅಲ್ಲಿರಬೇಕು. ಆಗ ಟ್ರಕ್‌ಗಳು ಸಾಲಾಗಿ ನಿಲ್ಲುತ್ತವೆ, ಉತ್ಪಾದನೆ ನೋಡುವವರ ಫೋನ್ ಬರುತ್ತದೆ. "ಎಷ್ಟು ಹೊತ್ತು?" ಎಂಬ ಪ್ರಶ್ನೆಗೆ ನಾನು ಯಾವಾಗಲೂ ಒಂದೇ ಉತ್ತರ ಕೊಡುತ್ತೇನೆ: "ನೋಡಿ ಹೇಳುತ್ತೇನೆ."

ಕಾಗದ ಮಾತ್ರ ವರ್ಷ ವರ್ಷ ಹೆಚ್ಚುತ್ತಿದೆ. 2023ರ ಡಿಸೆಂಬರ್‌ನಲ್ಲಿ ಗಣಿಗಳ ಮೇಲ್ಮೈ ವಾಹನಗಳಿಗೆ ಲಿಖಿತ ಸುರಕ್ಷತಾ ಯೋಜನೆ ಇರಬೇಕೆಂಬ ನಿಯಮವೂ ಬಂತು. ಅದು ಬೇಕಾಗಿಯೇ ಇತ್ತು, ತಕರಾರಿಲ್ಲ. ನನ್ನ ತಕರಾರು ಬೇರೆ. ತಪಾಸಣೆ ಮಾಡುವವರನ್ನೇ, ಜನ ಕಡಿಮೆ ಇದ್ದ ದಿನ, ರಸ್ತೆಗೆ ನೀರು ಹಾಕುವ ಟ್ರಕ್ ಓಡಿಸಲು ಕೂರಿಸುತ್ತಾರೆ. ಆ ದಿನಗಳ ಪುಟ ತೆಗೆದು ನೋಡಿದೆ. ಹೆಚ್ಚು ಕಡಿಮೆ ಎಲ್ಲದರಲ್ಲೂ 'ಅಪಾಯ ಕಂಡಿಲ್ಲ' ಎಂದೇ ಇದೆ. ಆ ಪುಟಗಳ ನಕಲು ಮಾಡಿಸಿ, ಪಕ್ಕದಲ್ಲಿ ಆಯಾ ದಿನದ ಹವಾಮಾನ ಬರೆದು ಫೋರ್‌ಮನ್‌ಗೆ ಕೊಟ್ಟಿದ್ದೇನೆ. ಮುಂದಿನ ಮೀಟಿಂಗ್‌ನಲ್ಲಿ ಮಾತಾಡೋಣ ಎಂದಿದ್ದಾರೆ.